ನೆರೆಮನೆಯ ನುಡಿಯಾಡುವ ಪ್ರೇತ

ಮೂಕಿಚಿತ್ರದ ಪ್ರೇತಕ್ಕೆ ಭಾಷೆಯಿರಲಿಲ್ಲ. 1927ರಲ್ಲಿ ಪೌಲ್ ಲೆನಿ ನಿರ್ದೇಶಿಸಿದ ‘ದಿ ಕ್ಯಾಟ್ ಆ್ಯಂಡ್ ದಿ ಕ್ಯಾನರಿ’ಯಲ್ಲಿ ಭಯವನ್ನು ಹುಟ್ಟಿಸಿದ್ದು ನೆರಳು, ಪರದೆ, ಗೋಡೆಯೊಳಗಿನಿಂದ ಚಾಚುವ ಕೈ. ನಡುರಾತ್ರಿಯಲ್ಲಿ ಉಯಿಲು ಓದಿಸಿಕೊಳ್ಳಲು ಸೇರಿದ ಬಂಧುಗಳು, ಹಡ್ಸನ್ ನದಿಯ ದಡದ ಹಳೆಯ ಬಂಗಲೆ: ಕಥೆ ಇಷ್ಟೇ. 1939ರಲ್ಲಿ ಇದೇ ಕಥೆಯನ್ನು ಬಾಬ್ ಹೋಪ್‌ಗಾಗಿ ನಗೆಚಿತ್ರವಾಗಿ ಮರುನಿರ್ಮಿಸಿದಾಗ ಬಂಗಲೆ ಲೂಸಿಯಾನಾದ ಜೌಗುನೆಲಕ್ಕೆ ಸ್ಥಳಾಂತರಗೊಂಡಿತು. ಮರುವರ್ಷ ಹೋಪ್ ಮತ್ತು ಪಾಲೆಟ್ ಗೊಡಾರ್ಡ್ ಜೋಡಿಯ ‘ದಿ ಗೋಸ್ಟ್ ಬ್ರೇಕರ್ಸ್’ನಲ್ಲಿ ಅಂಥ ಬಂಗಲೆ ಕ್ಯೂಬಾಕ್ಕೇ ಹೋಯಿತು. ನಗು ನಮ್ಮ ಕಡೆಯದು, ದೆವ್ವ ಆಚೆಯದು ಎಂಬ ಏರ್ಪಾಡು ಹೀಗೆ ರೂಢಿಯಾಯಿತು.

ಈ ಏರ್ಪಾಡು ನಮ್ಮಲ್ಲಿಯೂ ಉಂಟು. 1993ರಲ್ಲಿ ಫಾಜಿಲ್ ನಿರ್ದೇಶಿಸಿದ ಮಲಯಾಳದ ‘ಮಣಿಚಿತ್ರತ್ತಾಳ್’ ಚಿತ್ರದಲ್ಲಿ ಬೀಗ ಹಾಕಿದ ಕೋಣೆಯ ನರ್ತಕಿ ನಾಗವಲ್ಲಿ ತಮಿಳಿನವಳು. 2004ರಲ್ಲಿ ಪಿ. ವಾಸು ಅದನ್ನು ಕನ್ನಡಕ್ಕೆ ‘ಆಪ್ತಮಿತ್ರ’ವಾಗಿ ತಂದಾಗ ಆಕೆ ತೆಲುಗಿನವಳಾದಳು. 2005ರ ತಮಿಳಿನ ‘ಚಂದ್ರಮುಖಿ’ಯಲ್ಲಿಯೂ ಅವಳದು ತೆಲುಗೇ. ಅದೇ ಚಿತ್ರ ತೆಲುಗಿಗೆ ಡಬ್ ಆದಾಗ ನರ್ತಕಿ ತಮಿಳಿನಲ್ಲಿ ಹಾಡತೊಡಗಿದಳು! 2007ರ ಹಿಂದಿಯ ‘ಭೂಲ್ ಭುಲೈಯಾ’ದ ಮಂಜುಲಿಕಾಗೆ ಬಂಗಾಳಿ ದೊರೆಯಿತು. ಯಾರ ದೆವ್ವವೂ ಮನೆಮಾತನ್ನು ಆಡುವುದಿಲ್ಲ; ಎಲ್ಲರ ದೆವ್ವವೂ ನೆರೆಮನೆಯ ನುಡಿಯನ್ನೇ ಆಡುತ್ತದೆ. ಈ ಐದರಲ್ಲಿ ಒಂದೂ ಪ್ರೇತ ಕನ್ನಡವಾಡದೆ ಇರುವುದನ್ನು ಗೌರವವೆಂದು ತಿಳಿಯಬೇಕೋ ಉಪೇಕ್ಷೆಯೆಂದು ತಿಳಿಯಬೇಕೋ, ಓದುಗರೇ ನಿರ್ಧರಿಸಲಿ.

ಇದು ಕಥನದ ತಂತ್ರವಷ್ಟೇ ಎನ್ನಬಹುದು. ಹೆಂಡತಿಯ ಬಾಯಿಂದ ಇದ್ದಕ್ಕಿದ್ದಂತೆ ಬೇರೆ ನುಡಿ ಹೊರಟರೆ ಪ್ರೇಕ್ಷಕ ಬೆಚ್ಚುತ್ತಾನೆ, ನಿಜ. ಕನ್ನಡಿಗರು ಆ ತೆಲುಗು ಹಾಡಿಗೆ ಬೆಚ್ಚಿದಷ್ಟೇ ಅದನ್ನು ಗುನುಗಿಯೂ ಇದ್ದಾರೆ. ಆದರೆ ಚಿತ್ರದ ತರ್ಕವನ್ನು ಕೊನೆಯವರೆಗೆ ಹಿಂಬಾಲಿಸಿ ನೋಡಿ. ವಿಷ್ಣುವರ್ಧನ್ ಪಾತ್ರದ ಮನೋವೈದ್ಯ, ಇದು ದೆವ್ವವಲ್ಲ, ನೊಂದ ಮನಸ್ಸು ಎಂದು ತೋರಿಸುತ್ತಾನೆ. ರಾಜನ ಬದಲಿಗೆ ಗೊಂಬೆಯ ಮೇಲೆ ಸೇಡು ತೀರಿಸಿಕೊಳ್ಳಲು ಬಿಟ್ಟು ರೋಗವನ್ನು ಇಳಿಸುತ್ತಾನೆ. ರೋಗದೊಡನೆ ತೆಲುಗೂ ಇಳಿದುಹೋಗುತ್ತದೆ. ಗುಣವಾಗುವುದೆಂದರೆ ಒಂದೇ ನುಡಿಗೆ ಮರಳುವುದು ಎಂಬುದು ಆ ಸುಖಾಂತ್ಯದ ಒಳಮಾತು.

ವಿಶಾಖಪಟ್ಟಣ, ವಿಜಯವಾಡಗಳಲ್ಲಿ ಬದುಕು ಕಟ್ಟಿಕೊಂಡ ನಮ್ಮಂಥವರು ಈ ಒಳಮಾತನ್ನು ಹಾಗೆಯೇ ಬಿಡಲಾಗದು. ವಿಜಯವಾಡದಿಂದ ಹೆಚ್ಚು ದೂರವಿಲ್ಲದ ಕೂಚಿಪೂಡಿ ಗ್ರಾಮಕ್ಕೆ ನರ್ತನ ಕುಲವಿದ್ಯೆ. ವಿಶಾಖಪಟ್ಟಣದ ನೆರೆಯ ವಿಜಯನಗರಂನಲ್ಲಿ 1919ರಲ್ಲಿ ಸ್ಥಾಪನೆಯಾದ ಸಂಗೀತ ಕಾಲೇಜಿಗೆ ಆದಿಭಟ್ಲ ನಾರಾಯಣದಾಸರು ಮೊದಲ ಪ್ರಾಂಶುಪಾಲರು. ಇಲ್ಲಿ ನರ್ತಕಿಯ ತೆಲುಗು ಬೀಗ ಹಾಕಿದ ಕೋಣೆಯ ಸ್ವತ್ತಲ್ಲ, ಹಗಲಿನ ಪಾಠ. ಕರ್ನಾಟಕ ಸಂಗೀತವನ್ನು ಕಲಿಯಹೊರಟ ತೆಲುಗು ಮಗು ಮೊದಲು ಹಾಡುವುದು ಪುರಂದರದಾಸರ ಕನ್ನಡ ಗೀತೆಗಳನ್ನು. ಕನ್ನಡದ ಮಗು ಮುಂದೆ ತ್ಯಾಗರಾಜರ ತೆಲುಗಿಗೆ ಬರುತ್ತದೆ. ಇದನ್ನು ಯಾರೂ ಮೈಮೇಲೆ ಬಂದದ್ದೆಂದು ಕರೆಯುವುದಿಲ್ಲ.

‘ಆಪ್ತಮಿತ್ರ’ದಲ್ಲಿ ನಾಗವಲ್ಲಿಯಾಗಿ ಬದಲಾಗುವ ಗಂಗಾ ಪಾತ್ರವನ್ನು ವಹಿಸಿದವರು ಸೌಂದರ್ಯ. ತೆಲುಗು ಮಾತು ಬೀದಿಬೀದಿಗಳಲ್ಲಿ ಕೇಳಿಬರುವ ಗಡಿಯ ಮುಳಬಾಗಿಲಿನ ನಂಟಿನವರು, ಕನ್ನಡತಿ, ತೆಲುಗು ಚಿತ್ರರಂಗದ ಅಗ್ರನಟಿ. 2004ರ ಏಪ್ರಿಲ್ 17ರಂದು ವಿಮಾನಾಪಘಾತದಲ್ಲಿ ಅವರು ತೀರಿಕೊಂಡರು. ಚಿತ್ರ ಬಿಡುಗಡೆಯಾದದ್ದು ಆಗಸ್ಟ್‌ನಲ್ಲಿ. ಅಂದು ಎರಡು ರಾಜ್ಯಗಳೂ ಅವರನ್ನು ನಮ್ಮ ಮಗಳೆಂದು ಅತ್ತವು. ಕಥೆ ಯಾವುದನ್ನು ರೋಗವೆಂದು ತೋರಿಸಿತೋ, ಅದನ್ನು ಅಭಿನಯಿಸಿದವರ ಬಾಳಿನಲ್ಲಿ ಅದು ಸಿರಿಯಾಗಿತ್ತು.

ಶಾಲೆಯಿಂದ ಬಂದ ಮಗು ತೆಲುಗಿನಲ್ಲಿ ಮಾತು ತೊಡಗಿದರೆ ಕನ್ನಡ ಹೋಯಿತೆಂದು ಗಾಬರಿಗೊಳ್ಳುವ ತಂದೆತಾಯಿಗಳು ನಮ್ಮ ನಡುವೆ ಇದ್ದಾರೆ. ತೆಲುಗು ಒಳಬಂದುದರಿಂದ ಕನ್ನಡ ಹೊರಹೋಗುವುದಿಲ್ಲ. ಮನೆಯಲ್ಲಿ ಕಥೆ ಹೇಳದೆ, ಜಗಳವಾಡದೆ, ಲೆಕ್ಕ ಕೇಳದೆ ಬಿಟ್ಟಾಗ ಹೋಗುತ್ತದೆ. ತೆಲುಗನ್ನು ಬಿಡಿಸಲು ಮಂತ್ರವಾದಿಯನ್ನು ಹುಡುಕುವ ಶ್ರಮವನ್ನು ಕನ್ನಡವನ್ನು ಆಡುವುದಕ್ಕೆ ವಿನಿಯೋಗಿಸಿದರೆ ಸಾಕು.

ವಿಜಯವಾಡದಲ್ಲಿ ಬೆಳೆದ ಕನ್ನಡದ ಮಗುವಿಗೆ ‘ಆಪ್ತಮಿತ್ರ’ವನ್ನು ತೋರಿಸಿ ನೋಡಿ. ಗಂಗಾಳ ಮಾತೂ ನಾಗವಲ್ಲಿಯ ಮಾತೂ ಅದಕ್ಕೆ ಒಂದೇ ಸಲೀಸಿನಲ್ಲಿ ಅರ್ಥವಾಗುತ್ತವೆ. ದೊಡ್ಡವರು ಬೆಚ್ಚುವ ಜಾಗದಲ್ಲಿ ಅದು, ಈಕೆಯ ಗೆಜ್ಜೆಯನ್ನು ಕಿತ್ತುಕೊಂಡವನು ಯಾರು ಎಂದು ಕೇಳೀತು. ಆ ಕಥೆಯಲ್ಲಿ ಕೇಳಬೇಕಾದ ಪ್ರಶ್ನೆ ಅದೇ.