‘ಸರಿ ಮಾಡ್ತೀರಾ?’ ಎಂದು ಕೇಳುವ ಮೊದಲು

ಈ ವಾರದ ಪತ್ರದಲ್ಲಿ ಹೆಸರಿಲ್ಲ. ಕೊನೆಯಲ್ಲಿ ‘ಜೋಗುಪಾಳ್ಯದ ಒಬ್ಬ ತಾಯಿ’ ಎಂದಷ್ಟೇ ಇದೆ. ರೂಲು ಹಾಳೆಯ ಎರಡು ಪುಟ. ನಡುವೆ ಒಂದು ಕಡೆ ಶಾಯಿಯ ಬಣ್ಣ ಬದಲಾಗಿದೆ. ಒಂದೇ ಸಲಕ್ಕೆ ಬರೆದು ಮುಗಿಸಲು ಆಗಲಿಲ್ಲವೇನೋ.

ಮಗಳಿಗೆ ಹತ್ತೊಂಬತ್ತು, ಬಿ.ಕಾಂ. ಎರಡನೇ ವರ್ಷ. ಒಂದು ರಾತ್ರಿ ಪಾತ್ರೆ ಒರೆಸಿಡುತ್ತಾ, ತನಗೆ ಹುಡುಗರ ಕಡೆ ಮನಸ್ಸು ಹೋಗುವುದಿಲ್ಲ, ಜೊತೆಯಲ್ಲಿ ಓದುವ ಹುಡುಗಿಯೊಬ್ಬಳೆಂದರೆ ಇಷ್ಟ ಎಂದು ಹೇಳಿದಳಂತೆ. ತಾಯಿ ಅತ್ತರು, ಗಂಡನಿಗೆ ಹೇಳಲಿಲ್ಲ. ಪರಿಚಯದವರು ಹೇಳಿದ ಕ್ಲಿನಿಕ್ಕಿಗೆ ಮಗಳನ್ನು ಕರೆದುಕೊಂಡು ಹೋಗಿ, ‘ಇದನ್ನು ಸರಿ ಮಾಡ್ತೀರಾ ಡಾಕ್ಟ್ರೇ?’ ಎಂದು ಕೇಳಿದರು. ‘ಮಾಡೋಣ, ಅದಕ್ಕೇನಂತೆ’ ಎಂದರಂತೆ ಅವರು. ಹತ್ತು ನಿಮಿಷದ ಮಾತು, ಒಂದು ಚೀಟಿ ಮಾತ್ರೆ, ಬೇಗ ಮದುವೆ ಮಾಡಿ ಎಂಬ ಸಲಹೆ. ವಾಪಸು ಬರುವಾಗ ಆಟೋದಲ್ಲಿ ಮಗಳು ಮಾತಾಡಲಿಲ್ಲ. ಈಗಲೂ ಆಡುತ್ತಿಲ್ಲ. ಕರೆದರೆ ಊಟಕ್ಕೆ ಬರುತ್ತಾಳೆ, ಇಲ್ಲವಾದರೆ ಇಲ್ಲ. ‘ನಮ್ಮ ಹತ್ತಿರದಲ್ಲೇ ಇದಕ್ಕೆ ಒಳ್ಳೆಯ ಡಾಕ್ಟರ್ ಯಾರಿದ್ದಾರೆ, ದಯವಿಟ್ಟು ತಿಳಿಸಿ’ ಎಂದು ಪತ್ರ ಮುಗಿಯುತ್ತದೆ.

ಅಮ್ಮ, ಒಬ್ಬ ವೈದ್ಯರ ಹೆಸರು ಬರೆದು ಇವರಲ್ಲಿಗೆ ಹೋಗಿ ಎನ್ನುವ ಪದ್ಧತಿ ಈ ಅಂಕಣದಲ್ಲಿಲ್ಲ. ಆದರೆ ಹುಡುಕುವ ದಾರಿ ಹೇಳಬಲ್ಲೆ. ಅದಕ್ಕೂ ಮೊದಲು ಒಂದು ಮಾತು. ನೀವು ಕ್ಲಿನಿಕ್ಕಿನಲ್ಲಿ ಕೇಳಿದ ಪ್ರಶ್ನೆ ಇದೆಯಲ್ಲ, ಅದನ್ನು ಹಿಡಿದುಕೊಂಡು ಹೊರಟರೆ ‘ಸರಿ ಮಾಡುತ್ತೇನೆ’ ಎನ್ನುವವರು ಸಿಕ್ಕೇ ಸಿಗುತ್ತಾರೆ. ತಪ್ಪು ಬಾಗಿಲಿಗೆ ಕರೆದೊಯ್ಯುವುದೇ ಆ ಪ್ರಶ್ನೆ.

ನಿಮ್ಮ ಮಗಳಿಗಿರುವುದು ಕಾಯಿಲೆಯಲ್ಲ. ಇದು ಸಮಾಧಾನಕ್ಕೆ ಹೇಳುವ ಮಾತೂ ಅಲ್ಲ. ಅಮೆರಿಕದ ಮನೋವೈದ್ಯರ ಸಂಘ 1973ರಲ್ಲೇ ಸಲಿಂಗಪ್ರೇಮವನ್ನು ರೋಗಗಳ ಪಟ್ಟಿಯಿಂದ ತೆಗೆದುಹಾಕಿತು. ವಿಶ್ವ ಆರೋಗ್ಯ ಸಂಸ್ಥೆ ತೆಗೆದದ್ದು 1990ರ ಮೇ 17ರಂದು. ನಮ್ಮ ದೇಶದ ಮನೋವೈದ್ಯರ ಸಂಘವೂ 2018ರಲ್ಲಿ ಇದು ರೋಗವಲ್ಲ ಎಂದು ಸ್ಪಷ್ಟವಾಗಿ ಹೇಳಿತು. ಆಗ ಅದರ ಅಧ್ಯಕ್ಷರಾಗಿದ್ದವರು ಬೆಂಗಳೂರಿನವರೇ ಆದ ಡಾ. ಅಜಿತ್ ಭಿಡೆ. ಅದೇ ವರ್ಷದ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು 377ನೇ ಕಲಮಿನ ಆ ಭಾಗವನ್ನು ರದ್ದು ಮಾಡಿದ್ದು ನಿಮಗೆ ನೆನಪಿರಬಹುದು. ಆ ಮೊಕದ್ದಮೆಯ ಹಿಂದಿನ ಸುತ್ತಿನಲ್ಲಿ ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯ ಡಾ. ಶೇಖರ್ ಶೇಷಾದ್ರಿ ಮತ್ತು ಇತರ ತಜ್ಞರು, ಇದು ಕಾಯಿಲೆಯಲ್ಲ, ಈ ಕಾನೂನಿನಿಂದಲೇ ಮನಸ್ಸುಗಳು ಕೆಡುತ್ತಿವೆ ಎಂದು ಸುಪ್ರೀಂ ಕೋರ್ಟಿನ ಮುಂದೆ ಹೋಗಿದ್ದರು. ಅವರ ಜೊತೆಗೆ, ಇಂಥ ಮಕ್ಕಳ ತಂದೆತಾಯಿಯರೂ ತಮ್ಮದೇ ಅರ್ಜಿ ಹಾಕಿದ್ದರು. 2013ರಲ್ಲಿ ಸೋಲಾಯಿತು, ಐದು ವರ್ಷ ಕಳೆದು ಗೆಲುವು ಬಂತು. ನಿಮ್ಮಂತೆ ಅಡುಗೆಮನೆಯಲ್ಲಿ ಅತ್ತವರು ಅವರಲ್ಲೂ ಇದ್ದಿರಬೇಕು.

ಹಾಗಾದರೆ ಆ ವೈದ್ಯರು ಹಾಗೇಕೆ ಹೇಳಿದರು? ಓದಿದ ಪುಸ್ತಕ ಹಳೆಯದಿರಬಹುದು, ಬೆಳೆದ ವಾತಾವರಣ ನಮ್ಮದೇ ಇರಬಹುದು. ಬೆಂಗಳೂರಿನ ಅರವಿಂದ್ ನಾರೈನ್ ಮತ್ತು ವಿನಯ್ ಚಂದ್ರನ್ ಇಂಥ ‘ಚಿಕಿತ್ಸೆ’ಗಳ ಬಗ್ಗೆಯೇ ಇಂಗ್ಲಿಷಿನಲ್ಲಿ ಒಂದು ಪುಸ್ತಕ ಸಂಪಾದಿಸಿದ್ದಾರೆ. ಅದರ ಹೆಸರು ‘ನಥಿಂಗ್ ಟು ಫಿಕ್ಸ್’, ಅಂದರೆ ಸರಿಪಡಿಸಲು ಏನೂ ಇಲ್ಲ. ನಿಮ್ಮ ಪತ್ರ ಓದುವಾಗ ನನಗೆ ನೆನಪಾದದ್ದು ಆ ಹೆಸರೇ. ಇನ್ನೊಂದು ವಿಷಯ: ಹೀಗೆ ಬದಲಾಯಿಸಲು ಹೊರಡುವ ಚಿಕಿತ್ಸೆಯನ್ನು ವೃತ್ತಿಯ ದುರ್ನಡತೆ ಎಂದು ಪರಿಗಣಿಸಬೇಕೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಎಲ್ಲ ರಾಜ್ಯಗಳ ವೈದ್ಯಕೀಯ ಪರಿಷತ್ತುಗಳಿಗೆ ತಿಳಿಸಿದೆ. ಆದರೆ ಇದು ವೈದ್ಯರಿಗೆ ತಟ್ಟುವ ಮಾತು. ‘ಕೌನ್ಸೆಲರ್’ ಎಂದು ಫಲಕ ಹಾಕಿಕೊಂಡವರೆಲ್ಲ ವೈದ್ಯರಲ್ಲ.

ಆ ಫಲಕಗಳಿಗೆ ನಿಮ್ಮ ಕಡೆ ಬರವಿಲ್ಲ. ಜೋಗುಪಾಳ್ಯದ ಒಂದು ಮಗ್ಗುಲಲ್ಲಿ ಹಳೆಯ ಹಲಸೂರು, ಇನ್ನೊಂದು ಮಗ್ಗುಲಲ್ಲಿ ಇಂದಿರಾನಗರ. ಇಂದಿರಾನಗರದಲ್ಲಿ 1994ರಿಂದ ಆಪ್ತ ಸಮಾಲೋಚನೆ ನಡೆಸುತ್ತಾ, ಸಮಾಲೋಚಕರಿಗೆ ತರಬೇತಿಯನ್ನೂ ಕೊಡುತ್ತಿರುವ ‘ಪರಿವರ್ತನ್’ ಎಂಬ ಸಂಸ್ಥೆಯೇ ಇದೆ. ಎಲ್ಲಿಗೇ ಹೋಗಿ, ಮಗಳನ್ನು ಮೊದಲೇ ಕರೆದುಕೊಂಡು ಹೋಗಬೇಡಿ. ಮೊದಲು ನೀವೊಬ್ಬರೇ ಫೋನು ಮಾಡಿ.

‘ನನ್ನ ಮಗಳು ಹುಡುಗಿಯೊಬ್ಬಳನ್ನು ಇಷ್ಟಪಡುತ್ತಾಳೆ, ಇದು ಕಾಯಿಲೆಯೇ?’ ಎಂದು ನೇರವಾಗಿ ಕೇಳಿ. ‘ಅಲ್ಲ’ ಎಂಬ ಉತ್ತರ ತಡವಿಲ್ಲದೆ ಬರಬೇಕು. ‘ಕಾಯಿಲೆ ಅಲ್ಲ, ಆದರೂ ಪ್ರಯತ್ನಿಸಿ ನೋಡಬಹುದು’, ‘ಇದು ವಯಸ್ಸಿನ ಆಟ, ಹೋಗುತ್ತೆ ಬಿಡಿ’, ‘ಮೊಬೈಲಿನಿಂದ ಬಂದದ್ದು’ ಎಂದರೆ ನಮಸ್ಕಾರ ಹೇಳಿ ಫೋನಿಡಿ. ಇಂಥ ಮಕ್ಕಳ ಜೊತೆ ಮೊದಲು ಕೆಲಸ ಮಾಡಿದ್ದೀರಾ, ಎಲ್ಲಿ ಕಲಿತಿರಿ ಎಂದೂ ಕೇಳಬಹುದು, ಅದರಲ್ಲಿ ಮುಜುಗರವೇನಿಲ್ಲ. ಮುಂಬೈಯ ಮಾರಿವಾಲಾ ಹೆಲ್ತ್ ಇನಿಷಿಯೇಟಿವ್ ಸಂಸ್ಥೆ 2019ರಿಂದ ಇದಕ್ಕೆಂದೇ ಸಮಾಲೋಚಕರಿಗೆ ಒಂದು ಕೋರ್ಸು ನಡೆಸುತ್ತಿದೆ. ಅದನ್ನು ಮುಗಿಸಿದವರ ಪಟ್ಟಿ ಸಾರ್ವಜನಿಕವಾಗಿದೆ. ಹುಡುಕಲು ಅದು ಒಳ್ಳೆಯ ಆರಂಭ. ಕ್ಲಿನಿಕಲ್ ಸೈಕಾಲಜಿಸ್ಟ್ ಎನ್ನುವವರಾದರೆ ರಿಹ್ಯಾಬಿಲಿಟೇಷನ್ ಕೌನ್ಸಿಲ್‌ನಲ್ಲಿ ನೋಂದಣಿ ಇದೆಯೇ ಎಂದು ವಿಚಾರಿಸಿ.

ನಿಮಗೆ ಕೇಳಲು ಕಷ್ಟವಾಗುವ ಪ್ರಶ್ನೆ ಮುಂದಿನದು. ‘ಅವಳು ನಿಮ್ಮ ಹತ್ತಿರ ಹೇಳಿದ್ದನ್ನು ನನಗೆ ಹೇಳುತ್ತೀರಾ?’ ಒಳ್ಳೆಯ ಸಮಾಲೋಚಕರು ‘ಇಲ್ಲಮ್ಮ’ ಎನ್ನುತ್ತಾರೆ. ಅವಳ ಜೀವಕ್ಕೋ ಇನ್ನೊಬ್ಬರ ಜೀವಕ್ಕೋ ಅಪಾಯವಿದ್ದರೆ ಮಾತು ಬೇರೆ. ಈ ಗುಟ್ಟು ಕಾಯುವ ಹಕ್ಕು 2018ರ ಮೇ 29ರಂದು ಜಾರಿಗೆ ಬಂದ ಮಾನಸಿಕ ಆರೋಗ್ಯ ಕಾಯಿದೆಯಲ್ಲೇ ಇದೆ. ಯಾರನ್ನು ಪ್ರೀತಿಸುತ್ತಾರೆ ಎಂಬ ಕಾರಣಕ್ಕೆ ಚಿಕಿತ್ಸೆಯಲ್ಲಿ ಭೇದ ಮಾಡಬಾರದೆಂದೂ ಅದೇ ಕಾಯಿದೆ ಹೇಳುತ್ತದೆ. ಎಷ್ಟೋ ತಂದೆತಾಯಿಯರು ಈ ಜಾಗದಲ್ಲೇ ಸಿಟ್ಟಾಗುತ್ತಾರೆ. ‘ದುಡ್ಡು ಕೊಡುವವರು ನಾವು, ನಮಗೇ ಹೇಳುವುದಿಲ್ಲವೇ?’ ಎಂದು ನನ್ನನ್ನೂ ಕೇಳಿದವರಿದ್ದಾರೆ. ಒಬ್ಬ ಅಪ್ಪನಿಗೆ ನಾನು ಮಾತಿನಲ್ಲಿ ಒಪ್ಪಿಸಲಾಗದೆ ಸೋತದ್ದೂ ಇದೆ. ಆದರೆ ಯೋಚಿಸಿ. ತಾನು ಆಡಿದ್ದೆಲ್ಲ ಸಂಜೆಯೊಳಗೆ ಮನೆ ತಲುಪುತ್ತದೆ ಎಂದು ಗೊತ್ತಿರುವ ಹುಡುಗಿ ಅಲ್ಲಿ ಏನು ತಾನೆ ಮಾತಾಡಿಯಾಳು? ಹದಿನೆಂಟು ತುಂಬದ ಮಕ್ಕಳ ವಿಷಯದಲ್ಲಿ ತಂದೆತಾಯಿಯ ಒಪ್ಪಿಗೆ ಬೇಕಾಗುತ್ತದೆ. ಯಾವುದನ್ನು ಮನೆಗೆ ತಿಳಿಸಬೇಕು, ಯಾವುದನ್ನು ಬಾರದು ಎಂದು ಮೂವರೂ ಕುಳಿತು ಮೊದಲ ದಿನವೇ ಮಾತಾಡಿಕೊಳ್ಳುವುದು ಮೇಲು. ನಿಮ್ಮ ಮಗಳು ವಯಸ್ಕಳು. ಹೋಗಬೇಕೇ, ಯಾರ ಹತ್ತಿರ ಹೋಗಬೇಕು ಎಂಬುದು ಅವಳದೇ ತೀರ್ಮಾನ.

ಇಷ್ಟು ಬರೆದ ಮೇಲೆ ನಿಮ್ಮ ಪತ್ರವನ್ನು ಮತ್ತೊಮ್ಮೆ ಓದಿದೆ. ಪಾತ್ರೆ ಒರೆಸುತ್ತಾ ಮಾತಾಡಿದ ಹುಡುಗಿಗೆ ಆ ದಿನ ಡಾಕ್ಟರು ಬೇಕಾಗಿರಲಿಲ್ಲ. ನಿದ್ದೆ ಕೆಟ್ಟದ್ದು ನಿಮಗೆ. ಹಾಗಾಗಿ ಮೊದಲು ಸಮಾಲೋಚಕರ ಎದುರು ಕೂರಬೇಕಾದವರು ನೀವೇ ಎಂದು ನನಗೆ ಅನ್ನಿಸುತ್ತದೆ. ಇದರಲ್ಲಿ ಅವಮಾನವಿಲ್ಲ. ಮಧುರೆಯಿಂದ ಚೆನ್ನೈಗೆ ಓಡಿಹೋದ ಇಬ್ಬರು ಯುವತಿಯರ ಪ್ರಕರಣ ಮದ್ರಾಸ್ ಹೈಕೋರ್ಟಿಗೆ ಬಂದಾಗ, ನ್ಯಾಯಮೂರ್ತಿ ಆನಂದ್ ವೆಂಕಟೇಶ್ ಆ ಹುಡುಗಿಯರನ್ನೂ ಅವರ ತಂದೆತಾಯಿಯರನ್ನೂ ಸಮಾಲೋಚಕರ ಹತ್ತಿರ ಕಳಿಸಿದ್ದಲ್ಲದೆ, ಈ ವಿಷಯ ತನಗೇ ಸರಿಯಾಗಿ ತಿಳಿಯದು ಎಂದು ಒಪ್ಪಿಕೊಂಡು ಮನಶ್ಶಾಸ್ತ್ರಜ್ಞೆಯೊಬ್ಬರ ಮುಂದೆ ತಾವೇ ಕೂತು ಕಲಿತರು. 2021ರ ಜೂನ್ 7ರ ಅವರ ಆದೇಶ ಬಂದದ್ದು ಆಮೇಲೆ. ಇಂಥವರನ್ನು ‘ಗುಣಪಡಿಸುವ’ ಪ್ರಯತ್ನಗಳೇ ಕೂಡದು ಎಂಬುದು ಅದರಲ್ಲಿ ಸೇರಿತ್ತು. ಮುಂಬೈಯಲ್ಲಿ ‘ಸ್ವೀಕಾರ್’ ಎಂಬ ತಂದೆತಾಯಿಯರ ಬಳಗವೂ ಇದೆ. ಬೇರೆ ಯಾರ ಹತ್ತಿರ ಹೇಳಿಕೊಳ್ಳಲಾಗದ್ದನ್ನು ಇನ್ನೊಬ್ಬ ತಾಯಿಯ ಹತ್ತಿರ ಹೇಳಿಕೊಳ್ಳಬಹುದು.

ಖರ್ಚಿನ ಮಾತು. ಖಾಸಗಿಯಾಗಿ ನೋಡುವವರ ಫೀಸು ಒಂದು ಸಾಧಾರಣ ಮನೆಗೆ ಭಾರವೇ. ವಿದ್ಯಾರ್ಥಿಗಳಿಗೆ ಕಡಿಮೆ ಮಾಡುತ್ತೀರಾ ಎಂದು ಕೇಳಿ, ಮಾಡುವವರು ಇದ್ದಾರೆ. ಹೊಸೂರು ರಸ್ತೆಯ ನಿಮ್ಹಾನ್ಸ್ ಸರ್ಕಾರದ್ದು, ಖರ್ಚು ಕಡಿಮೆ, ಆದರೆ ಕಾಯಬೇಕು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ‘ಟೆಲಿ ಮಾನಸ್’ಗೆ 14416ಕ್ಕೆ ಫೋನು ಮಾಡಿದರೆ ಕನ್ನಡದಲ್ಲೇ, ಉಚಿತವಾಗಿ, ಹಗಲು ರಾತ್ರಿ ಮಾತಾಡುತ್ತಾರೆ. ಅಲ್ಲಿಯೂ ನಿಮ್ಮ ಮೊದಲ ಪ್ರಶ್ನೆ ಅದೇ ಇರಲಿ.

ಫೋನಿನಲ್ಲೋ ವಿಡಿಯೋದಲ್ಲೋ ಸಮಾಲೋಚನೆ ಆಗಬಹುದೆಂದು ಈಗ ಎಲ್ಲರೂ ಹೇಳುತ್ತಾರೆ. ಆಗುತ್ತದೆ ನಿಜ, ಆದರೆ ಎಲ್ಲಿ ಕೂತು? ಜೋಗುಪಾಳ್ಯದಲ್ಲಿ ಗೋಡೆಗೆ ಗೋಡೆ ಸೇರಿದ ಮನೆಗಳು. ಪಕ್ಕದ ಮನೆಯ ಕುಕ್ಕರ್ ಎಷ್ಟು ಸಲ ಕೂಗಿತೆಂದು ಎಣಿಸಬಹುದು. ಅವಳು ಒಳಗಿನ ಕೋಣೆಯಲ್ಲಿ ಪಿಸುಗುಟ್ಟುತ್ತಾ ನೀವು ಹೊರಗೆ ಟಿ.ವಿ. ಸದ್ದು ಕಡಿಮೆ ಮಾಡಿ ಕೂತರೆ ಅದು ಸಮಾಲೋಚನೆಯಲ್ಲ. ಆ ಒಂದು ಗಂಟೆ ನೀವು ಸೋಮೇಶ್ವರನ ಗುಡಿಗೋ ಸಂತೆಗೋ ಹೋಗಿಬನ್ನಿ. ಇಲ್ಲವೇ ಅವಳು ಮಹಡಿಗೆ ಹೋಗಿ ಮಾತಾಡಲಿ. ಏನು ಮಾತಾಡಿದೆ ಎಂದು ವಾಪಸು ಬಂದಾಗ ಕೇಳಬೇಡಿ.

ಎರಡು ವಿಷಯ ಮಾತ್ರ ತಡಮಾಡುವಂತಿಲ್ಲ. ಅವಳು ಸಾಯುವ ಮಾತಾಡಿದರೆ, ಅಥವಾ ನಿಮಗೆ ಹಾಗೆಂದು ಅನುಮಾನ ಬಂದರೂ ಸರಿ, ತಿಳಿದವರು ಸಿಗಲಿ ಎಂದು ಹುಡುಕುತ್ತಾ ಕೂರದೆ ಹತ್ತಿರದ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ, ಒಬ್ಬಳನ್ನೇ ಬಿಡಬೇಡಿ. ‘ಸಾಯಬೇಕು ಅನ್ನಿಸುತ್ತಿದೆಯಾ ಮಗಳೇ?’ ಎಂದು ಬಾಯಿಬಿಟ್ಟು ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಇನ್ನೊಂದು, ಆ ಮಾತ್ರೆಗಳು. ಯಾವುದೆಂದು ನೀವು ಬರೆದಿಲ್ಲ. ನೀವಾಗಿ ಇದ್ದಕ್ಕಿದ್ದಂತೆ ನಿಲ್ಲಿಸಬೇಡಿ, ಸುಮ್ಮನೆ ನುಂಗಿಸುತ್ತಲೂ ಇರಬೇಡಿ. ಚೀಟಿಯನ್ನೂ ಮಾತ್ರೆಯ ಪಟ್ಟಿಯನ್ನೂ ಇನ್ನೊಬ್ಬ ಮನೋವೈದ್ಯರಿಗೆ ಈ ವಾರವೇ ತೋರಿಸಿ.

ಗಂಡನಿಗೆ ಹೇಳಬೇಕೇ ಎಂದೂ ಅಂಚಿನಲ್ಲಿ ಬರೆದಿದ್ದೀರಿ. ಹೇಳುವ ಮೊದಲು ಮಗಳ ಒಪ್ಪಿಗೆ ಕೇಳಿ. ಅವಳು ಬೇಡವೆಂದರೆ ಸದ್ಯಕ್ಕೆ ಬೇಡ. ಏನಾಯಿತೆಂದು ಮತ್ತೆ ಬರೆಯಿರಿ. ಹೆಸರು ಬೇಕಿಲ್ಲ, ಜೋಗುಪಾಳ್ಯ ಎಂದರೆ ನನಗೆ ಗುರುತು ಸಿಗುತ್ತದೆ.