‘ಮ್ಯಾಚ್ ಆಗಲಿಲ್ಲ’ ಎಂದರೆ ಏನು ಆಗಲಿಲ್ಲ?

“ಮೇಡಂ, ತಂಗೀದು ಮ್ಯಾಚ್ ಆಗ್ಲಿಲ್ವಂತೆ.” ಕಿಡ್ನಿ ಕಸಿಗೆ ತಯಾರಾಗುತ್ತಿರುವ ಮನೆಗಳಿಂದ ಬರುವ ಫೋನುಗಳಲ್ಲಿ ಇದೇ ಮಾತು ಮತ್ತೆ ಮತ್ತೆ ಕೇಳುತ್ತೇನೆ. ನಾನು ಮುಂಬಯಿಯ ಎಚ್‌ಎಲ್‌ಎ ಲ್ಯಾಬೊಂದರಲ್ಲಿ ಬಹಳ ವರ್ಷ ಕೆಲಸ ಮಾಡಿದವಳೆಂದು ನಮ್ಮವರಲ್ಲಿ ಸುದ್ದಿ ಹರಡಿದೆ. ಸಂಘದ ಕಾರ್ಯಕ್ರಮಕ್ಕೆ ಹೋದರೂ ಯಾರಾದರೊಬ್ಬರು ಚೀಲದಿಂದ ರಿಪೋರ್ಟ್ ತೆಗೆಯುತ್ತಾರೆ. ನಾನು ಮೊದಲು ಕೇಳುವುದು, ಯಾವುದು ಮ್ಯಾಚ್ ಆಗಲಿಲ್ಲ ಎಂದು. ರಕ್ತದ ಗುಂಪೇ, ಎಚ್‌ಎಲ್‌ಎಯೇ, ಕ್ರಾಸ್‌ಮ್ಯಾಚೇ? ಮೂರೂ ಬೇರೆ ಬೇರೆ ಪರೀಕ್ಷೆಗಳು, ಮೂರರ ತೂಕವೂ ಬೇರೆ. ಅದನ್ನು ಬಿಡಿಸಿ ಹೇಳುವವರಿಲ್ಲದೆ ಎಷ್ಟೋ ಮನೆಗಳಲ್ಲಿ ಅಣ್ಣ ತಂಗಿಯರ ನಡುವೆ ಇಲ್ಲದ ಮನಸ್ತಾಪ ಹುಟ್ಟಿದೆ.

ಎಚ್‌ಎಲ್‌ಎ ಎಂದರೆ ನಮ್ಮ 6ನೇ ವರ್ಣತಂತುವಿನಲ್ಲಿರುವ ಒಂದು ಜೀನುಗಳ ಗುಂಪು. ಇವು ತಯಾರಿಸುವ ಪ್ರೋಟೀನುಗಳು ಜೀವಕೋಶದ ಮೈಮೇಲೆ ಕೂತು, ಒಳಗೆ ಏನಿದೆ ಎಂಬುದರ ಚೂರುಗಳನ್ನು ರೋಗನಿರೋಧಕ ಕಣಗಳಿಗೆ ಎತ್ತಿ ತೋರಿಸುತ್ತವೆ. ವೈರಸ್ ಹೊಕ್ಕ ಕೋಶ ಸಿಕ್ಕಿಬೀಳುವುದು ಹೀಗೆ. ಈ ಜೀನುಗಳಲ್ಲಿ ಮನುಷ್ಯರ ನಡುವೆ ಇರುವಷ್ಟು ವೈವಿಧ್ಯ ಬೇರೆಲ್ಲೂ ಇಲ್ಲವೆನ್ನಬಹುದು. ಅದಕ್ಕೇ ಬೇರೆಯವರ ಕಿಡ್ನಿ ಬಂದು ಕೂತರೆ ದೇಹ ಅದನ್ನು ಗುರುತು ಹಿಡಿದುಬಿಡುತ್ತದೆ. 1954ರ ಡಿಸೆಂಬರಿನಲ್ಲಿ ಬೋಸ್ಟನ್ನಿನಲ್ಲಿ ಡಾ. ಜೋಸೆಫ್ ಮರ್ರೆ ಮಾಡಿದ ಮೊದಲ ಯಶಸ್ವಿ ಕಿಡ್ನಿ ಕಸಿ ತದ್ರೂಪಿ ಅವಳಿ ಸೋದರರ ನಡುವೆ ನಡೆದದ್ದು. ಅಲ್ಲಿ ಗುರುತು ಹಿಡಿಯಲು ವ್ಯತ್ಯಾಸವೇ ಇರಲಿಲ್ಲ.

ರಿಪೋರ್ಟಿನಲ್ಲಿ ‘3/6’ ಎಂದು ಕಂಡರೆ ಎ, ಬಿ, ಡಿಆರ್ ಎಂಬ ಮೂರು ಜಾಗಗಳಲ್ಲಿ ತಂದೆಯಿಂದೊಂದು, ತಾಯಿಯಿಂದೊಂದು ಬಂದ ಆರರಲ್ಲಿ ಮೂರು ಹೊಂದಿವೆ ಎಂದರ್ಥ. ಜನ ಅದನ್ನು ಪರೀಕ್ಷೆಯ ಅಂಕದಂತೆ ಓದುತ್ತಾರೆ. ಹೆತ್ತವರಿಗೂ ಮಕ್ಕಳಿಗೂ ಸಾಮಾನ್ಯವಾಗಿ ಅರ್ಧ ಹೊಂದಿಯೇ ಹೊಂದುತ್ತದೆ. ಒಡಹುಟ್ಟಿದವರಲ್ಲಿ ಪೂರ್ತಿ ಹೊಂದುವ ಸಾಧ್ಯತೆ 25%, ಅರ್ಧ 50%, ಏನೂ ಹೊಂದದಿರುವುದು 25%. ಅಂದರೆ ‘ಸೊನ್ನೆ’ ಬಂದ ತಂಗಿ ನಿಮ್ಮ ಸ್ವಂತ ತಂಗಿಯೇ, ಅನುಮಾನ ಬೇಡ. (ನಗಬೇಡಿ, ಈ ಪ್ರಶ್ನೆಯನ್ನೂ ನನಗೆ ಪಿಸುಮಾತಿನಲ್ಲಿ ಕೇಳಿದ್ದಾರೆ.)

ನಮ್ಮ ಕಡೆಯವರಿಗೆ ಮಾತ್ರ ಹೇಳಬೇಕಾದದ್ದು ಒಂದಿದೆ. ಗಂಡ ಹೆಂಡತಿಯ ಎಚ್‌ಎಲ್‌ಎ ಸಾಮಾನ್ಯವಾಗಿ ಹೊಂದುವುದಿಲ್ಲ. ಆದರೆ ಅಕ್ಕನ ಮಗಳನ್ನು ಮದುವೆಯಾಗಿದ್ದರೆ ಇಬ್ಬರಲ್ಲೂ ಒಂದೇ ವಂಶದ ಅರ್ಧ ಭಾಗ ಇರುವ ಸಾಧ್ಯತೆ ಎರಡರಲ್ಲಿ ಒಂದು. ಸೋದರಮಾವನ ಮಗಳಾಗಿದ್ದರೆ ನಾಲ್ಕರಲ್ಲಿ ಒಂದು. ಉತ್ತರದ ಕಡೆಯ ಡಾಕ್ಟರು ಅಂಥ ರಿಪೋರ್ಟ್ ಕಂಡು ಹುಬ್ಬೇರಿಸಿದರೆ ಮುಜುಗರವಿಲ್ಲದೆ ಸಂಬಂಧ ಹೇಳಿ. ಮೊದಲೇ ಹೇಳಿದರೆ ಇನ್ನೂ ಒಳ್ಳೆಯದು.

ಹಾಗಾದರೆ ಹೊಂದದ ಕಿಡ್ನಿ ನಿಲ್ಲುವುದಿಲ್ಲವೇ? 1995ರಲ್ಲಿ ಪಾಲ್ ತೆರಸಾಕಿ ಮತ್ತು ಸಂಗಡಿಗರು ಅಮೆರಿಕದ ದಾಖಲೆಗಳನ್ನು ಲೆಕ್ಕ ಹಾಕಿ ತೋರಿಸಿದರು: ಮೂರು ವರ್ಷದ ನಂತರ ಗಂಡ ಅಥವಾ ಹೆಂಡತಿ ಕೊಟ್ಟ ಕಿಡ್ನಿಗಳಲ್ಲಿ 85%, ತಂದೆ ತಾಯಿ ಕೊಟ್ಟವುಗಳಲ್ಲಿ 82%, ಮೃತ ದಾನಿಗಳವುಗಳಲ್ಲಿ 70% ಕೆಲಸ ಮಾಡುತ್ತಿದ್ದವು. ದಂಪತಿಗಳ ಎಚ್‌ಎಲ್‌ಎ ಹೊಂದಾಣಿಕೆ ಕಡಿಮೆಯೇ ಇತ್ತು. ಜೀವಂತ, ಆರೋಗ್ಯವಂತ ವ್ಯಕ್ತಿಯಿಂದ ಬಂದ ಕಿಡ್ನಿಗೆ ಪೆಟ್ಟು ಬಿದ್ದಿರುವುದಿಲ್ಲ ಎಂಬುದೇ ದೊಡ್ಡ ಲಾಭ. ಹೊಂದಾಣಿಕೆಗೆ ಬೆಲೆಯೇ ಇಲ್ಲವೆಂದಲ್ಲ. ಪೂರ್ತಿ ಹೊಂದುವ ಅಣ್ಣನೋ ತಂಗಿಯೋ ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ. ಮುಂದೆ ಎರಡನೇ ಕಸಿ ಬೇಕಾಗಬಹುದಾದ ಎಳೆಯ ರೋಗಿಗಳಲ್ಲಂತೂ ನಾನು ಅದಕ್ಕೆ ಹೆಚ್ಚು ತೂಕ ಕೊಡುತ್ತೇನೆ. ಆದರೆ ‘ಅಂಕ ಕಡಿಮೆ’ ಎಂದು ಒಪ್ಪಿದ ದಾನಿಯನ್ನು ಮನೆಯವರೇ ವಾಪಸು ಕಳಿಸುವುದು ತಪ್ಪು.

ನಿಜವಾಗಿ ಬಾಗಿಲು ಹಾಕಬಲ್ಲದ್ದು ಕ್ರಾಸ್‌ಮ್ಯಾಚ್. ರೋಗಿಯ ಸೀರಮ್ಮನ್ನು ದಾನಿಯ ಬಿಳಿ ರಕ್ತಕಣಗಳ ಜೊತೆ ಬೆರೆಸಿ ನೋಡುತ್ತಾರೆ. ಆ ದಾನಿಯ ಎಚ್‌ಎಲ್‌ಎ ವಿರುದ್ಧ ರೋಗಿಯಲ್ಲಿ ಪ್ರತಿಕಾಯಗಳು ಮೊದಲೇ ತಯಾರಾಗಿದ್ದರೆ ಕಣಗಳು ಸಾಯುತ್ತವೆ. 1969ರಲ್ಲಿ ಪಟೇಲ್ ಮತ್ತು ಇದೇ ತೆರಸಾಕಿ ಪ್ರಕಟಿಸಿದ ಲೆಕ್ಕ ಹೀಗಿದೆ: ಕ್ರಾಸ್‌ಮ್ಯಾಚ್ ಪಾಸಿಟಿವ್ ಇದ್ದೂ ಕಸಿ ಮಾಡಿದ 30 ಮಂದಿಯಲ್ಲಿ 24 ಕಿಡ್ನಿಗಳು ಕೂಡಲೇ ಕೆಟ್ಟವು. ನೆಗೆಟಿವ್ ಇದ್ದ 195ರಲ್ಲಿ ಹಾಗಾದದ್ದು 8 ಮಾತ್ರ. ಇಂದು ಇನ್ನೂ ಸೂಕ್ಷ್ಮ ಪರೀಕ್ಷೆಗಳಿವೆ, ಆದರೆ ಮೂಲಮಾತು ಅದೇ.

ಈ ಪ್ರತಿಕಾಯಗಳು ಎಲ್ಲಿಂದ ಬರುತ್ತವೆ? ಮೂರು ದಾರಿ: ಹಿಂದಿನ ಕಸಿ, ಬೇರೆಯವರ ರಕ್ತ ಹಾಕಿಸಿಕೊಂಡದ್ದು, ಮತ್ತು ಬಸಿರು. ಹೊಟ್ಟೆಯಲ್ಲಿರುವ ಮಗುವಿನ ಅರ್ಧ ಎಚ್‌ಎಲ್‌ಎ ತಂದೆಯದು. ಕೆಲವು ತಾಯಂದಿರ ದೇಹ ಅದರ ವಿರುದ್ಧ ಪ್ರತಿಕಾಯ ಮಾಡಿ, ವರ್ಷಗಟ್ಟಲೆ ನೆನಪಿಟ್ಟುಕೊಳ್ಳುತ್ತದೆ. ಎಚ್‌ಎಲ್‌ಎ ಪತ್ತೆಯಾದ ಕಥೆಯೂ ಇಲ್ಲೇ ಇದೆ. 1958ರಲ್ಲಿ ರೋಸ್ ಪೇನ್ ಮತ್ತು ವಾನ್ ರೂಡ್ ಬೇರೆ ಬೇರೆಯಾಗಿ ಇಂಥ ಪ್ರತಿಕಾಯಗಳನ್ನು ಕಂಡದ್ದು ಬಸುರಾಗಿದ್ದ ಹೆಂಗಸರ ರಕ್ತದಲ್ಲಿ. ಅದೇ ವರ್ಷ, ಹಲವು ಬಾರಿ ರಕ್ತ ಪಡೆದ ರೋಗಿಗಳಲ್ಲಿ ಇದನ್ನು ಕಂಡ ಜಾನ್ ದೊಸೆಗೆ 1980ರ ನೊಬೆಲ್‌ನಲ್ಲಿ ಪಾಲು ಸಿಕ್ಕಿತು.

ನನ್ನನ್ನು ಕಾಡುವುದು ಇದು. ನಮ್ಮ ದೇಶದಲ್ಲಿ ಜೀವಂತ ಕಿಡ್ನಿ ಕೊಡುವವರಲ್ಲಿ ಹೆಚ್ಚಿನವರು ಹೆಂಗಸರು, ಪಡೆಯುವವರಲ್ಲಿ ಹೆಚ್ಚಿನವರು ಗಂಡಸರು. ಅಪರೂಪಕ್ಕೆ ಹೆಂಡತಿಗೆ ಕಿಡ್ನಿ ಬೇಕಾಗಿ, ಗಂಡ “ನಂದು ತಗೊಳ್ಳಿ” ಎಂದು ಮುಂದೆ ಬಂದಾಗ, ಅವನ ಮಕ್ಕಳನ್ನು ಹೆತ್ತದ್ದೇ ಅಡ್ಡ ಬರುತ್ತದೆ. ಮಗ ಕೊಡುತ್ತೇನೆಂದರೂ ಅವನಲ್ಲಿ ಅಪ್ಪನ ಅರ್ಧ ಇದ್ದೇ ಇದೆ. ಆ ತಾಯಿಗೆ ಹೆಚ್ಚು ಭದ್ರವಾದ ದಾನಿ ಅವಳ ಅಕ್ಕನೋ ತಮ್ಮನೋ ಆಗಿರಬಹುದು. ತವರಿನಿಂದ ಕಿಡ್ನಿ ಕೇಳುವುದು ಎಷ್ಟು ಕಷ್ಟವೆಂದು ನಾನು ಬೇರೆ ಹೇಳಬೇಕಿಲ್ಲ. ಎಲ್ಲ ಹೆಂಗಸರಲ್ಲೂ ಹೀಗಾಗುವುದಿಲ್ಲ, ಪರೀಕ್ಷಿಸದೆ ಯಾರೂ ಹೇಳಲಾರರು. ಆದ್ದರಿಂದ ಗರ್ಭಪಾತಗಳೂ ಸೇರಿ ಎಲ್ಲ ಬಸಿರುಗಳ ವಿವರವನ್ನು ಲ್ಯಾಬಿನ ಫಾರ್ಮಿನಲ್ಲಿ ಬರೆಯಿರಿ. ಅತ್ತೆ ಪಕ್ಕದಲ್ಲಿ ಕೂತಿದ್ದಾರೆಂದು ಬಿಟ್ಟವರನ್ನು ನೋಡಿದ್ದೇನೆ. ಬೇಕಾದರೆ ಒಬ್ಬರೇ ಒಳಗೆ ಬಂದು ಹೇಳಬಹುದು.

ಡಯಾಲಿಸಿಸ್‌ನಲ್ಲಿರುವವರಿಗೆ ಹಿಮೋಗ್ಲೋಬಿನ್ ಇಳಿದಾಗ ಇಂಜೆಕ್ಷನ್, ಕಬ್ಬಿಣಾಂಶದಿಂದ ಸುಧಾರಿಸಬಹುದೇ ಎಂದು ಮೊದಲು ಕೇಳಿ. ಪ್ರಾಣಕ್ಕೆ ಬಂದಾಗ ರಕ್ತ ಬೇಡವೆನ್ನಬಾರದು. ಹಾಕಿಸಿದರೆ ತಾರೀಕು ಬರೆದಿಟ್ಟು ಕಸಿ ತಂಡಕ್ಕೆ ತಿಳಿಸಿ, ಏಕೆಂದರೆ ಹಳೆಯ ಪ್ರತಿಕಾಯ ರಿಪೋರ್ಟ್ ಆಮೇಲೆ ನಂಬಲು ಬರುವುದಿಲ್ಲ.

ಕ್ರಾಸ್‌ಮ್ಯಾಚ್ ಪಾಸಿಟಿವ್ ಬಂದರೂ ಎಲ್ಲ ಮುಗಿಯಲಿಲ್ಲ. ಪ್ರತಿಕಾಯ ಇಳಿಸುವ ಚಿಕಿತ್ಸೆ ಇದೆ. ದುಬಾರಿ, ಸೋಂಕಿನ ಭಯವೂ ಇದೆ. ಅದಕ್ಕಿಂತ ಮೊದಲು ಸ್ವಾಪ್ ಬಗ್ಗೆ ವಿಚಾರಿಸಿ: ನಿಮ್ಮ ದಾನಿ ಇನ್ನೊಂದು ಮನೆಯ ರೋಗಿಗೆ, ಅವರ ದಾನಿ ನಿಮಗೆ. 1994ರ ಅಂಗಾಂಗ ಕಸಿ ಕಾಯ್ದೆಗೆ 2011ರಲ್ಲಿ ಆದ ತಿದ್ದುಪಡಿ ಇದಕ್ಕೆ ದಾರಿ ಮಾಡಿಕೊಟ್ಟಿದೆ. ರಕ್ತದ ಗುಂಪು ಹೊಂದದವರಿಗೂ ಇದೇ ದಾರಿ.

ಇನ್ನು ಈ ತಿಂಗಳು ಪುಣೆಯ ಓದುಗರೊಬ್ಬರು ಕೇಳಿದ್ದು: ಈ ಜೀನುಗಳೇ ನನ್ನ ಕಿಡ್ನಿ ಕೆಡಿಸಿದವೇ, ಮಕ್ಕಳಿಗೂ ಬರುತ್ತದೆಯೇ? ಕೆಲವು ರೋಗಗಳಲ್ಲಿ ಎಚ್‌ಎಲ್‌ಎ ಕೈವಾಡ ನಿಜ. ಗುಡ್‌ಪಾಶ್ಚರ್ ಎಂಬ ಅಪರೂಪದ ಕಾಯಿಲೆಗೆ ಡಿಆರ್15, ಮೆಂಬ್ರೇನಸ್ ನೆಫ್ರೋಪತಿಗೆ ಡಿಕ್ಯೂಎ1 ನಂಟು ಗಟ್ಟಿಯಾಗಿದೆ. ಆದರೆ ಕಸಿಗೆ ಕಾದಿರುವವರೆಲ್ಲರನ್ನೂ ಒಟ್ಟು ಹಾಕಿ, ಇಂಥ ಎಚ್‌ಎಲ್‌ಎ ಹೆಚ್ಚು ಕಂಡಿತು ಎನ್ನುವ ಅಧ್ಯಯನಗಳನ್ನು ನಾನು ಎಚ್ಚರದಿಂದ ಓದುತ್ತೇನೆ. ಆ ಗುಂಪಿನಲ್ಲಿ ಸಕ್ಕರೆ ಕಾಯಿಲೆಯವರು, ಬಿಪಿಯವರು, ಕಾರಣವೇ ತಿಳಿಯದವರು ಎಲ್ಲ ಇರುತ್ತಾರೆ. ಹೋಲಿಕೆಗೆ ಅವರ ದಾನಿಗಳನ್ನೇ ಇಟ್ಟುಕೊಂಡರೆ, ಆ ದಾನಿಗಳು ರಕ್ತಸಂಬಂಧಿಗಳೇ ಆಗಿರಬಹುದು. ನಿಮ್ಮ ಎಚ್‌ಎಲ್‌ಎ ರಿಪೋರ್ಟ್ ನೋಡಿ ಮಕ್ಕಳ ಭವಿಷ್ಯ ಹೇಳಲಾಗದು. ಅವರಿಗೆ ಬಿಪಿ, ಸಕ್ಕರೆ, ಮೂತ್ರದ ಅಲ್ಬುಮಿನ್, ಕ್ರಿಯಾಟಿನಿನ್ ನೋಡಿಸಿ. ಮನೆಯಲ್ಲಿ ಪಾಲಿಸಿಸ್ಟಿಕ್ ಕಿಡ್ನಿ ಇದ್ದರೆ ಮಾತ್ರ ಸೋನೋಗ್ರಫಿ, ಅದೂ ದಾನಕ್ಕೆ ಮುಂಚೆಯೇ.

ಊರಿನಿಂದ ದಾನಿ ಬರುವುದಿದ್ದರೆ ಒಂದು ಮಾತು. ಕಾಯ್ದೆಯ ‘ಹತ್ತಿರದ ಸಂಬಂಧಿ’ ಪಟ್ಟಿಯಲ್ಲಿ ಗಂಡ ಹೆಂಡತಿ, ತಂದೆ ತಾಯಿ, ಮಕ್ಕಳು, ಒಡಹುಟ್ಟಿದವರು, ಅಜ್ಜ ಅಜ್ಜಿ, ಮೊಮ್ಮಕ್ಕಳು ಇದ್ದಾರೆ. ಸೋದರಮಾವ, ಚಿಕ್ಕಪ್ಪನ ಮಗ, ಅಳಿಯ, ಭಾವಮೈದುನ ಇಲ್ಲ. ಅವರು ಅನುಮತಿ ಸಮಿತಿಯ ಮುಂದೆ ಹೋಗಬೇಕು, ಅದಕ್ಕೆ ಸಮಯ ಇಟ್ಟುಕೊಳ್ಳಿ. ಯಾರೂ ಇಲ್ಲವೆಂದರೆ ಮೃತ ದಾನಿಯ ಪಟ್ಟಿಗೆ ಹೆಸರು ಬರೆಸಿ. ಅದಕ್ಕೆ ಆ ರಾಜ್ಯದ ನಿವಾಸಿ ಪ್ರಮಾಣಪತ್ರ ಬೇಕೆಂಬ ಷರತ್ತನ್ನು ಕೇಂದ್ರ ಆರೋಗ್ಯ ಇಲಾಖೆ 2023ರಲ್ಲಿ ಕೈಬಿಟ್ಟಿದೆ. ಮುಂಬಯಿಯಲ್ಲಿದ್ದರೆ ಮುಂಬಯಿಯಲ್ಲೇ, ಚೆನ್ನೈಯಲ್ಲಿದ್ದರೆ ಚೆನ್ನೈಯಲ್ಲೇ ಬರೆಸಬಹುದು. ಆಸ್ಪತ್ರೆಯ ಕಸಿ ಸಂಯೋಜಕರನ್ನು ಕೇಳಿ.

ಮುಂದಿನ ತಿಂಗಳು ಡಯಾಲಿಸಿಸ್‌ನವರ ಊಟದ ಬಗ್ಗೆ, ಮುಖ್ಯವಾಗಿ ಎಳನೀರಿನ ಬಗ್ಗೆ.