ಎಂಜಿನ್ನಿನ ಸಂದಿಗೆ ಯಾವ ಅಂಟು?



ಸಂಬಳ, ಬೋನಸ್, ರಜೆಗಳ ವಿಚಾರ ಬರೆಯುವ ಪತ್ರಿಕೆಯಲ್ಲಿ ಮೋಟಾರ್ ಸೈಕಲಿನ ಅಂಟಿನ ಮಾತೇಕೆ ಎಂದು ಕೆಲವರು ಕೇಳಬಹುದು. ರಾತ್ರಿ ಹೋಟೆಲಿನ ಬಾಗಿಲು ಹಾಕಿ, ಪಾತ್ರೆ ತೊಳೆದಿಟ್ಟು ಹೊರಬಂದವನಿಗೆ ಬಸ್ಸು ಸಿಗುವುದಿಲ್ಲ, ರಿಕ್ಷಾಕ್ಕೆ ದುಡ್ಡಿರುವುದಿಲ್ಲ. ರಾತ್ರಿ ಪಾಳಿಯ ಮಿಲ್ಲಿನವರ ಪಾಡೂ ಅದೇ. ಅದಕ್ಕಾಗಿಯೇ ನಮ್ಮವರು ಸಾಲ ಮಾಡಿ ಹಳೆಯ ಗಾಡಿಯೊಂದನ್ನು ಕೊಳ್ಳುತ್ತಾರೆ. ಗಾಡಿ ನಿಂತರೆ ಹಾಜರಿ ತಪ್ಪಿತು, ಸಂಬಳ ಕಡಿತವಾಯಿತು. ಆದುದರಿಂದ ಇದೂ ಸಂಬಳದ ವಿಚಾರವೇ.

ನನ್ನೊಡನೆ ಅಡಿಗೆಮನೆಯಲ್ಲಿ ದುಡಿಯುತ್ತಿದ್ದ ಗೆಳೆಯನೊಬ್ಬನ ಗಾಡಿಯಲ್ಲಿ ಎಂಜಿನ್ನಿನ ಕವಚದ ಸಂದಿನಿಂದ ಎಣ್ಣೆ ಜಿನುಗುತ್ತಿತ್ತು. ದಾರಿಬದಿಯ ಗ್ಯಾರೇಜಿನವನು ಕವಚ ಬಿಚ್ಚಿ, ಕೆಂಪು ಸಿಲಿಕೋನನ್ನು ರೊಟ್ಟಿಗೆ ಬೆಣ್ಣೆ ಬಳಿದಂತೆ ಬಳಿದು ಬೋಲ್ಟು ಬಿಗಿದ. ಎಣ್ಣೆ ನಿಂತಿತು. ಎರಡು ತಿಂಗಳಲ್ಲಿ ಎಂಜಿನ್ನೂ ನಿಂತಿತು. ಬಿಚ್ಚಿ ನೋಡಿದರೆ ಎಣ್ಣೆ ಸೋಸುವ ಜಾಲರಿಯ ತುಂಬ ಕೆಂಪು ರಬ್ಬರಿನ ಎಳೆಗಳು. ರಿಪೇರಿಗೆ ಒಂದು ತಿಂಗಳ ಸಂಬಳವೂ ಸಾಲಲಿಲ್ಲ.

ಇದರ ಕಾರಣ ಸರಳವಾದುದು. ಕವಚ ಬಿಗಿದಾಗ ಹೆಚ್ಚಾದ ಅಂಟು ಹೊರಕ್ಕೆ ಬಂದಷ್ಟೇ ಒಳಕ್ಕೂ ಬರುತ್ತದೆ. ಹೊರಗಿನದು ಕಣ್ಣಿಗೆ ಕಾಣುತ್ತದೆ, ಒಳಗಿನದು ಕಾಣುವುದಿಲ್ಲ. ಸಿಲಿಕೋನ್ ಗಾಳಿಯ ತೇವದಿಂದ ರಬ್ಬರಾಗುವ ವಸ್ತು. ಒಳಗಿನ ಎಳೆ ಕಿತ್ತು ಎಣ್ಣೆಯಲ್ಲಿ ಸೇರಿ ಜಾಲರಿಗೆ ಹೋಗಿ ಕೂರುತ್ತದೆ. ಕಾಫಿ ಫಿಲ್ಟರಿನ ತೂತು ಕಟ್ಟಿದರೆ ಡಿಕಾಕ್ಷನ್ ಇಳಿಯುವುದುಂಟೇ? ಹಾಗೆಯೇ ಎಣ್ಣೆ ಮೇಲಕ್ಕೆ ಏರದೆ ಎಂಜಿನ್ನಿನ ತಲೆಯ ಭಾಗ ಒಣಗಿ ಸವೆಯುತ್ತದೆ.

ಹಾಗಾದರೆ ಯಾವುದು ಸರಿ? ಗಾಡಿಯ ಪುಸ್ತಕ ಗ್ಯಾಸ್ಕೆಟ್ ಹಾಕು ಎಂದಲ್ಲಿ ಹೊಸ ಗ್ಯಾಸ್ಕೆಟ್ಟನ್ನೇ ಹಾಕಬೇಕು. ಗ್ಯಾಸ್ಕೆಟ್ ಇಲ್ಲದೆ ಲೋಹಕ್ಕೆ ಲೋಹ ಕೂರುವ ಕ್ರ್ಯಾಂಕ್‌ಕೇಸಿನಲ್ಲಿ ಕಾಗದ ಕತ್ತರಿಸಿ ಇಡಬಾರದು. ಇಟ್ಟರೆ ಒಳಗಿನ ಬೇರಿಂಗುಗಳ ಅಳತೆ ಕೆಡುತ್ತದೆ. ಅಲ್ಲಿಗೆ ಎಂಜಿನ್ನಿಗೆಂದೇ ತಯಾರಾದ, ಪೂರ್ತಿ ಕಲ್ಲಾಗದ ದ್ರವ ಗ್ಯಾಸ್ಕೆಟ್ ತೆಳುವಾಗಿ ಹಚ್ಚಬೇಕು. ಆನೆರೋಬಿಕ್ ಎಂಬ ಇನ್ನೊಂದು ಜಾತಿಯ ಅಂಟು ಗಾಳಿ ತಗಲದ ಕಡೆ, ಎರಡು ಲೋಹಗಳ ನಡುವೆ ಮಾತ್ರ ಗಟ್ಟಿಯಾಗುತ್ತದೆ. ಒಳಗೆ ಉಕ್ಕಿದ ಭಾಗ ದ್ರವವಾಗಿಯೇ ಉಳಿದು ಎಣ್ಣೆಯಲ್ಲಿ ಕರಗಿಹೋಗುತ್ತದೆ. ಮಟ್ಟಸವಾದ, ಕೂದಲೆಳೆಯಷ್ಟು ಸಂದಿಗೆ ಅದು ಒಳ್ಳೆಯದು. ಸಿಲಿಕೋನ್ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಕೆಲವು ಮೂಲೆಗಳಿಗೆ, ಏರುಪೇರಾದ ತಗಡಿನ ಮುಚ್ಚಳಗಳಿಗೆ ಅದು ಬೇಕು. ಆದರೆ ಪೆಟ್ರೋಲ್ ತಗಲುವ ಕಡೆ ಅದು ಉಬ್ಬಿ ಹಾಳಾಗುತ್ತದೆ.

ನಮ್ಮ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿದರೂ ಅಲ್ಲಿ ತಯಾರಾದ ಜಾವಾ, ಯೆಜ್ಡಿಗಳನ್ನು ಅಭಿಮಾನದಿಂದ ಓಡಿಸುವವರಿದ್ದಾರೆ. ಅವರು ಇನ್ನೂ ಎಚ್ಚರವಾಗಿರಬೇಕು. ಅವು ಟೂ ಸ್ಟ್ರೋಕ್ ಎಂಜಿನ್ನುಗಳು. ಅಲ್ಲಿ ಪೆಟ್ರೋಲ್, ಎಣ್ಣೆ, ಗಾಳಿ ಕೂಡಿದ ಮಿಶ್ರಣ ಕ್ರ್ಯಾಂಕ್‌ಕೇಸಿನ ಮೂಲಕವೇ ಹಾಯುತ್ತದೆ. ಸಂದು ಬಿಟ್ಟರೆ ಎಣ್ಣೆ ಸೋರುವುದಷ್ಟೇ ಅಲ್ಲ, ಹೊರಗಿನ ಗಾಳಿ ಒಳನುಗ್ಗಿ ಪಿಸ್ಟನ್ ಕಾದು ಹಿಡಿದುಕೊಳ್ಳುತ್ತದೆ. ಹಳೆಯ ಮೆಕ್ಯಾನಿಕರು ಅಲ್ಲಿಗೆ ಅರಗಿನ ಷೆಲ್ಲಾಕ್ ಹಚ್ಚುವುದುಂಟು. ಆದರೆ ಅರಗು ಮದ್ಯಸಾರದಲ್ಲಿ ಕರಗುವ ಪದಾರ್ಥ. ಇಂದು ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ನೂರಕ್ಕೆ 20ರವರೆಗೆ ಎಥೆನಾಲ್ ಇರುತ್ತದೆ, ಅದೂ ಮದ್ಯಸಾರವೇ. ಹಿಂದೆ ನಡೆದದ್ದು ಈಗಲೂ ನಡೆದೀತೆಂದು ನಂಬಬಾರದು. ಎಥೆನಾಲಿಗೆ ತಡೆಯುವುದೆಂದು ಟ್ಯೂಬಿನ ಮೇಲೆ ಬರೆದಿದೆಯೇ ನೋಡಿಕೊಳ್ಳಬೇಕು.

ಎಷ್ಟು ಒಳ್ಳೆಯ ಅಂಟಾದರೂ ಕೊಳೆಯ ಮೇಲೆ ನಿಲ್ಲದು. ಹಳೆಯ ಅಂಟನ್ನು ಮರದ ಇಲ್ಲವೆ ಪ್ಲಾಸ್ಟಿಕ್ಕಿನ ಚೂರಿನಿಂದ ಕೆರೆದು ತೆಗೆಯಬೇಕು. ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ಅಲ್ಯುಮಿನಿಯಂ ಗೀರು ಬೀಳುತ್ತದೆ, ಆ ಗೀರಿನಲ್ಲೇ ಮತ್ತೆ ಎಣ್ಣೆ ಇಳಿಯುತ್ತದೆ. ಥಿನ್ನರಿನಿಂದ ಜಿಡ್ಡು ಒರೆಸಿ, ಒಂದೇ ಕಡೆಗೆ ತೆಳುವಾಗಿ ಹಚ್ಚಿ, ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. 6 ಮಿಲಿಮೀಟರ್ ಬೋಲ್ಟಿಗೆ ಸಾಮಾನ್ಯವಾಗಿ 10 ನ್ಯೂಟನ್ ಮೀಟರಿನ ಸುಮಾರು ಬಿಗಿ ಸಾಕು. ಖಚಿತ ಲೆಕ್ಕ ಗಾಡಿಯ ಪುಸ್ತಕದಲ್ಲಿರುತ್ತದೆ. ಸಿಲಿಕೋನ್ ಹಚ್ಚಿದ್ದರೆ ಒಂದು ದಿನ ಗಾಡಿಯನ್ನು ಎಬ್ಬಿಸಬಾರದು. ಇಷ್ಟೆಲ್ಲಕ್ಕೂ ಮೊದಲು ಎಂಜಿನ್ನಿನ ಉಸಿರುಕೊಳವೆ ಕಟ್ಟಿದೆಯೇ ನೋಡಬೇಕು. ಅದು ಕಟ್ಟಿದ್ದರೆ ಒಳಗಿನ ಒತ್ತಡ ಯಾವ ಅಂಟನ್ನಾದರೂ ಒಡೆದು ಎಣ್ಣೆಯನ್ನು ಹೊರಹಾಕುತ್ತದೆ.

ಗ್ಯಾರೇಜಿನ ಹುಡುಗರನ್ನು ನಾನು ದೂಷಿಸುವುದಿಲ್ಲ. ಅವರೂ ನಮ್ಮಂತೆ ಕೂಲಿಯವರು. ಅರ್ಧ ಗಂಟೆಯಲ್ಲಿ ಮುಗಿಸೆಂದು ಮಾಲೀಕ ಅವಸರಿಸಿದಾಗ ಕೈಗೆ ಸಿಕ್ಕಿದ ಟ್ಯೂಬೇ ಅವರಿಗೆ ಮದ್ದು. ಆದರೆ ‘ಏನು ಹಚ್ಚುತ್ತೀ, ಟ್ಯೂಬು ತೋರಿಸು’ ಎಂದು ಕೇಳುವ ಹಕ್ಕು ದುಡ್ಡು ಕೊಡುವ ನಮಗಿದೆ. ಮಾಲೀಕನ ಮುಂದೆ ಸಂಬಳದ ಚೀಟಿ ಕೇಳಲು ಕಲಿತವರು ಇದನ್ನು ಕೇಳಲು ಸಂಕೋಚಪಡಬೇಕಾಗಿಲ್ಲ.

ಇನ್ನೊಂದು ಸೂಚನೆ. ಬಿಗಿ ಅಳೆಯುವ ಟಾರ್ಕ್ ಪಾನಾ ಒಬ್ಬನ ಜೇಬಿಗೆ ಭಾರ. ಐವತ್ತು ಜನ ಸೇರಿದರೆ ಒಂದೆರಡು ಚಹಾದ ಖರ್ಚು. ನಾನಾ ಪೇಟೆಯ ಬಿಡಿಭಾಗದ ಅಂಗಡಿಗಳಲ್ಲಿ ವಿಚಾರಿಸಿ ಸಂಘವು ಒಂದು ಪಾನಾ, ಎರಡು ಜಾತಿಯ ಅಂಟು ತಂದಿಡಲಿ. ಕೆಲಸ ಬಲ್ಲ ಸದಸ್ಯರು ವಾರದ ರಜೆಯಂದು ಉಳಿದವರಿಗೆ ತೋರಿಸಿಕೊಡಲಿ. ಮುಂದಿನ ಸಭೆಯಲ್ಲಿ ಇದನ್ನು ಮಂಡಿಸುತ್ತೇನೆ. ಒಪ್ಪದವರು ಬಂದು ವಿರೋಧಿಸಲಿ; ಆದರೆ ಎಲ್ಲರೂ ಬನ್ನಿ.